ಶಾಲಾ ಶಿಕ್ಷಕರಿಗೆ ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ತರಬೇತಿ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಹೃದಯ ನಿಂತರೆ ಮಿದುಳಿಗೆ ರಕ್ತ ಹರಿಯುವುದೂ ನಿಲ್ಲುತ್ತದೆ. ನಾಲ್ಕೈದು ನಿಮಿಷ ಕಳೆಯುವಷ್ಟರಲ್ಲಿ ಮಿದುಳಿನ ಜೀವಕೋಶಗಳು ಮತ್ತೆ ಸರಿಪಡಿಸಲಾಗದಂತೆ ಹಾಳಾಗತೊಡಗುತ್ತವೆ. ಮಲೆನಾಡಿನ ಒಂಟಿ ಶಾಲೆಯಾಗಲಿ, ಬೆಂಗಳೂರಿನ ದಟ್ಟ ಸಂಚಾರದ ನಡುವಿನ ಶಾಲೆಯಾಗಲಿ, ಅಷ್ಟರೊಳಗೆ ಆಂಬುಲೆನ್ಸ್ ಬಂದು ನಿಲ್ಲುತ್ತದೆ ಎಂದು ನಂಬಿ ಕೂರುವ ಸ್ಥಿತಿಯಲ್ಲಿಲ್ಲ. ಆ ಹೊತ್ತಿನಲ್ಲಿ ಮಗುವಿನ ಪಕ್ಕದಲ್ಲಿ ಇರುವವರು ಶಿಕ್ಷಕರು, ಅಡುಗೆ ಸಿಬ್ಬಂದಿ ಮತ್ತು ಸಹಪಾಠಿಗಳು ಮಾತ್ರ. ಅವರಿಗೆ ಏನು ಗೊತ್ತಿದೆ, ಅವರ ಕೈಗೆ ಏನು ಅಭ್ಯಾಸವಾಗಿದೆ ಎಂಬುದರ ಮೇಲೆ ಮಗುವಿನ ಜೀವ ನಿಂತಿರುತ್ತದೆ. ಹೃದಯ ನಿಂತಾಗ ಎದೆ ಒತ್ತಿ, ಬಾಯಿಯಿಂದ ಉಸಿರು ಕೊಟ್ಟು ಮಿದುಳಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವ ಕ್ರಮವೇ ಸಿಪಿಆರ್.

ತರಬೇತಿಯ ಹೆಸರಿನಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಸಭಾಂಗಣದಲ್ಲಿ ನೂರಿನ್ನೂರು ಶಿಕ್ಷಕರನ್ನು ಕೂರಿಸಿ, ಒಬ್ಬ ವೈದ್ಯರಿಂದ ಒಂದು ಗಂಟೆಯ ಉಪನ್ಯಾಸ ಕೊಡಿಸಿ, ವೇದಿಕೆಯ ಮೇಲೆ ಒಂದು ಪ್ರಾತ್ಯಕ್ಷಿಕೆ ತೋರಿಸಿ, ಪ್ರಮಾಣಪತ್ರ ಹಂಚಿ ಕಳುಹಿಸುವ ಕಾರ್ಯಕ್ರಮ. ಉಪನ್ಯಾಸಕ್ಕೆ ಬಂದ ವೈದ್ಯರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಅದು ತರಬೇತಿಯಲ್ಲ. ಅಭ್ಯಾಸಕ್ಕೆಂದೇ ಮಾಡಿದ ಬೊಂಬೆಯ ಎದೆಯ ಮೇಲೆ ತಾವೇ ಕೈಯಿಟ್ಟು ಎರಡು ನಿಮಿಷ ಬಿಡದೆ ಒತ್ತಿ ಬೆವರದ ಶಿಕ್ಷಕರು ಮಗು ಕುಸಿದ ಕ್ಷಣದಲ್ಲಿ ಮುಂದೆ ಬರುವುದಿಲ್ಲ. ಬಂದರೂ ಕೈ ನಡುಗುತ್ತದೆ. ಈ ಮಾರ್ಗದರ್ಶಿ ಮುಖ್ಯ ಶಿಕ್ಷಕರಿಗೆ, ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಸಂಪನ್ಮೂಲ ವ್ಯಕ್ತಿಗಳಿಗೆ ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿಗೆ ಕೈಗೆ ಕಲಿಸುವ ತರಬೇತಿಯನ್ನು ತಮ್ಮ ಶಾಲೆಯಲ್ಲೇ ಕಟ್ಟುವ ಬಗೆಯನ್ನು ತಿಳಿಸುತ್ತದೆ. ಓದಿದ್ದು ತರಬೇತಿಗೆ ಬದಲಿಯಾಗದು.

ಮೊದಲ ಹಂತ: ನಿಮ್ಮ ಶಾಲೆಯ ಅಪಾಯಗಳನ್ನು ಬರೆದುಕೊಳ್ಳಿ

ತರಬೇತುದಾರರನ್ನು ಕರೆಯುವ ಮೊದಲು ಶಿಕ್ಷಕರೆಲ್ಲ ಒಂದು ಮಧ್ಯಾಹ್ನ ಕುಳಿತು ಎರಡು ಪಟ್ಟಿಗಳನ್ನು ಮಾಡಬೇಕು. ಒಂದು, ಜಾಗದ ಪಟ್ಟಿ: ಬಿಸಿಯೂಟದ ಅಡುಗೆಮನೆ, ನೀರಿನ ತೊಟ್ಟಿ, ಶಾಲೆಯ ಹಿಂದಿನ ಪೊದೆ, ಹೆಜ್ಜೇನು ಕಟ್ಟಿರುವ ಮರ, ತೆರೆದ ವಿದ್ಯುತ್ ತಂತಿ, ಮಕ್ಕಳು ದಾಟುವ ಹೆದ್ದಾರಿ. ಇನ್ನೊಂದು, ಮಕ್ಕಳ ಪಟ್ಟಿ: ಆಸ್ತಮಾ ಇರುವವರು, ಫಿಟ್ಸ್ ಬರುವವರು, ಇನ್ಸುಲಿನ್ ತೆಗೆದುಕೊಳ್ಳುವವರು, ಹುಟ್ಟಿನಿಂದ ಹೃದಯದ ತೊಂದರೆ ಇರುವವರು, ಶೇಂಗಾ ಅಥವಾ ಮೊಟ್ಟೆ ಒಗ್ಗದವರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ತಪಾಸಣೆ ಮಾಡಿ ಹೋದ ಮೇಲೆ ಆ ವಿವರ ಕಡತದಲ್ಲೇ ಉಳಿಯುವುದು ಹೆಚ್ಚು; ಅದನ್ನು ತರಗತಿ ಶಿಕ್ಷಕರಿಗೂ ದೈಹಿಕ ಶಿಕ್ಷಕರಿಗೂ ತಲುಪಿಸಬೇಕು. ಮಕ್ಕಳ ಆರೋಗ್ಯದ ವಿವರ ಗೋಡೆಗೆ ಅಂಟಿಸುವ ವಿಷಯವಲ್ಲ, ಆದ್ದರಿಂದ ಈ ಪಟ್ಟಿ ಬೀರುವಿನಲ್ಲಿರಲಿ. ಆದರೆ ಬೀಗದ ಕೈ ಎಲ್ಲಿದೆ ಎಂಬುದು ಪ್ರತಿಯೊಬ್ಬರಿಗೂ ಗೊತ್ತಿರಲಿ.

ಇದೇ ಸಭೆಯಲ್ಲಿ ಇನ್ನೂ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡಿ. ಶಾಲೆಯ ಆವರಣದಲ್ಲಿ ಮೊಬೈಲ್ ಸಿಗ್ನಲ್ ಸಿಗುವ ಜಾಗ ಯಾವುದು? ಹಾವಿನ ವಿಷಕ್ಕೆ ಪ್ರತಿವಿಷ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು? ಆಂಬುಲೆನ್ಸ್ ತಡವಾದರೆ ತಕ್ಷಣ ಹೊರಡಬಲ್ಲ ವಾಹನ ಊರಿನಲ್ಲಿ ಯಾರದು? ಪಶ್ಚಿಮ ಘಟ್ಟದ ಶಾಲೆಗಳಲ್ಲಿ ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು.

ಎರಡನೆಯ ಹಂತ: ತರಬೇತುದಾರರು, ಬೊಂಬೆಗಳು ಮತ್ತು ಸಮಯ

ಭಾರತೀಯ ರೆಡ್‌ಕ್ರಾಸ್ ಸಂಸ್ಥೆಯ ರಾಜ್ಯ ಹಾಗೂ ಜಿಲ್ಲಾ ಘಟಕಗಳು ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಪ್ರಥಮ ಚಿಕಿತ್ಸೆಯ ತರಬೇತಿ ನಡೆಸುತ್ತವೆ. ವೈದ್ಯಕೀಯ ಕಾಲೇಜುಗಳ ಅರಿವಳಿಕೆ ವಿಭಾಗ ಮತ್ತು ತುರ್ತು ಚಿಕಿತ್ಸಾ ವಿಭಾಗಗಳಲ್ಲೂ ಕಲಿಸಬಲ್ಲ ವೈದ್ಯರಿರುತ್ತಾರೆ. ಯಾರನ್ನು ಕರೆದರೂ ಮುಂಚಿತವಾಗಿ ಕೇಳಬೇಕಾದ ಪ್ರಶ್ನೆ ಒಂದಿದೆ: ಎಷ್ಟು ಬೊಂಬೆ ತರುತ್ತೀರಿ, ಅದರಲ್ಲಿ ಮಗುವಿನ ಗಾತ್ರದ್ದು ಎಷ್ಟು? ಒಂದು ಬೊಂಬೆಗೆ ಆರು ಜನಕ್ಕಿಂತ ಹೆಚ್ಚಾದರೆ ಕೊನೆಯ ಇಬ್ಬರು ನೋಡುಗರಾಗಿ ಉಳಿಯುತ್ತಾರೆ. ದೊಡ್ಡವರ ಬೊಂಬೆಯಲ್ಲಿ ಮಾತ್ರ ಕಲಿತವರಿಗೆ ಎರಡನೆಯ ತರಗತಿಯ ಮಗುವಿನ ಎದೆಯನ್ನು ಎಷ್ಟು ಒತ್ತಬೇಕೆಂಬ ಅಂದಾಜು ಸಿಗುವುದಿಲ್ಲ.

ಇನ್ನೊಂದು ವಿಷಯವನ್ನೂ ತರಬೇತುದಾರರೊಂದಿಗೆ ಮೊದಲೇ ಮಾತನಾಡಿಕೊಳ್ಳಬೇಕು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಕಲಿಸಲು ಭಾರತೀಯ ಪುನಶ್ಚೇತನ ಪರಿಷತ್ತಿನ ವೈದ್ಯರು ರೂಪಿಸಿರುವ ಕ್ರಮದಲ್ಲಿ ಎದೆ ಒತ್ತುವುದನ್ನು ಮಾತ್ರ ಹೇಳಿಕೊಡಲಾಗುತ್ತದೆ, ಬಾಯಿಯಿಂದ ಉಸಿರು ಕೊಡುವುದನ್ನು ಬಿಡಲಾಗಿದೆ. ಬೀದಿಯಲ್ಲಿ ಕುಸಿದ ವಯಸ್ಕರ ಮಟ್ಟಿಗೆ ಇದು ಸರಿಯಾದ ನಿರ್ಧಾರ, ಏಕೆಂದರೆ ಅವರಲ್ಲಿ ತೊಂದರೆ ಹೆಚ್ಚಾಗಿ ಹೃದಯದಿಂದಲೇ ಆರಂಭವಾಗಿರುತ್ತದೆ ಮತ್ತು ರಕ್ತದಲ್ಲಿ ಇನ್ನೂ ಆಮ್ಲಜನಕ ಉಳಿದಿರುತ್ತದೆ. ಮಕ್ಕಳಲ್ಲಿ ಹಾಗಲ್ಲ. ನೀರಿನಲ್ಲಿ ಮುಳುಗುವುದು, ಗಂಟಲಲ್ಲಿ ಏನಾದರೂ ಸಿಕ್ಕಿಕೊಳ್ಳುವುದು, ತೀವ್ರ ಆಸ್ತಮಾ ಇವುಗಳಿಂದ ಮೊದಲು ಉಸಿರು ನಿಂತು, ಆಮ್ಲಜನಕ ಖಾಲಿಯಾದ ಮೇಲೆ ಹೃದಯ ನಿಲ್ಲುವುದೇ ಅವರಲ್ಲಿ ಹೆಚ್ಚು. ಆದ್ದರಿಂದ ಶಿಕ್ಷಕರಿಗೆ ಉಸಿರು ಕೊಡುವುದನ್ನೂ ಕಲಿಸಲೇಬೇಕೆಂದು ಕೇಳಿ, ಒಪ್ಪಿದವರನ್ನೇ ಕರೆಯಿರಿ.

ಸಮಯಕ್ಕೆ ಒಂದು ಪೂರ್ತಿ ಶನಿವಾರ ಮತ್ತು ಅದರ ಮುಂದಿನ ವಾರ ಅರ್ಧ ದಿನ ಬೇಕು. ಅಡುಗೆ ಸಿಬ್ಬಂದಿ, ಶಾಲಾ ವಾಹನದ ಚಾಲಕರು ಮತ್ತು ಕಾವಲುಗಾರರನ್ನು ಹೊರಗಿಡಬೇಡಿ. ಬಿಸಿ ಸಾಂಬಾರು ಮಗುವಿನ ಮೈಮೇಲೆ ಚೆಲ್ಲಿದಾಗ ಮೊದಲು ಓಡಿ ಬರುವವರು ಅಡುಗೆಯವರೇ.

ಮೂರನೆಯ ಹಂತ: ಸಿಪಿಆರ್

ತರಬೇತಿಯ ಅರ್ಧಕ್ಕಿಂತ ಹೆಚ್ಚು ಸಮಯ ಇದಕ್ಕೇ ಮೀಸಲಾಗಿರಲಿ.

ಮೊದಲು ಸ್ಥಳ ಸುರಕ್ಷಿತವೇ ಎಂದು ನೋಡಬೇಕು; ವಿದ್ಯುತ್ ಹೊಡೆದಿದ್ದರೆ ಸಂಪರ್ಕ ಕಡಿತಗೊಳಿಸದೆ ಮಗುವನ್ನು ಮುಟ್ಟಬಾರದು. ಬಳಿಕ ಭುಜ ತಟ್ಟಿ ಜೋರಾಗಿ ಹೆಸರು ಕೂಗಬೇಕು. ಪ್ರತಿಕ್ರಿಯೆ ಇಲ್ಲದಿದ್ದರೆ ಎದೆ ಏರಿಳಿಯುತ್ತಿದೆಯೇ ಎಂದು ಹತ್ತು ಸೆಕೆಂಡು ಮೀರದಂತೆ ಗಮನಿಸಬೇಕು. ಜನ ಮೋಸಹೋಗುವುದು ಇಲ್ಲೇ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ನೀರಿನಿಂದ ಹೊರತೆಗೆದ ಮೀನಿನಂತೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯಂಥ ಸದ್ದು ಮಾಡುತ್ತಾರೆ. ಕೈಕಾಲು ಒಂದೆರಡು ಬಾರಿ ಅದುರುವುದೂ ಉಂಟು. ಅದನ್ನು ಉಸಿರಾಟವೆಂದೋ ಫಿಟ್ಸ್ ಎಂದೋ ತಿಳಿದು ಕಾಯುತ್ತ ಕೂತರೆ ಉಳಿಸಬಹುದಾಗಿದ್ದ ಸಮಯ ಕಳೆದುಹೋಗುತ್ತದೆ. ಪ್ರಜ್ಞೆಯಿಲ್ಲ, ಸಹಜ ಉಸಿರಾಟವಿಲ್ಲ ಎಂದರೆ ಸಿಪಿಆರ್ ಆರಂಭಿಸಬೇಕು. ನಾಡಿ ಹುಡುಕುವ ಕೆಲಸ ಶಿಕ್ಷಕರಿಗೆ ಬೇಡ.

ಒಬ್ಬರು 108ಕ್ಕೋ 112ಕ್ಕೋ ಕರೆ ಮಾಡಿ ಫೋನನ್ನು ಸ್ಪೀಕರಿಗೆ ಹಾಕಬೇಕು. ಆರೋಗ್ಯ ಕವಚದ 108 ಸೇವೆ ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಇದೆ, ಆದರೂ ಗಾಬರಿಯಲ್ಲಿ ವಿಳಾಸ ಹೇಳಲು ತಡವರಿಸುವವರೇ ಹೆಚ್ಚು. ಶಾಲೆಯ ಪೂರ್ಣ ಹೆಸರು, ಗ್ರಾಮ, ತಾಲ್ಲೂಕು, ಎಲ್ಲರಿಗೂ ತಿಳಿದ ಒಂದು ಗುರುತು ಇವನ್ನು ಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಟ್ಟರೆ ಏಳನೆಯ ತರಗತಿಯ ಹುಡುಗಿಯೂ ನೋಡಿ ಹೇಳಬಲ್ಲಳು.

ಮಗುವನ್ನು ಬೆಂಚಿನ ಮೇಲಲ್ಲ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಬೇಕು. ಎದೆಯ ನಡುವಿನ ಮೂಳೆಯ ಕೆಳಭಾಗದಲ್ಲಿ ಅಂಗೈಯ ಬುಡವನ್ನು, ಅಂದರೆ ಮಣಿಕಟ್ಟಿನ ಹತ್ತಿರದ ಗಟ್ಟಿ ಭಾಗವನ್ನು ಇಡಬೇಕು. ಚಿಕ್ಕ ಮಗುವಿಗೆ ಒಂದು ಕೈ ಸಾಕು, ದೊಡ್ಡ ಮಕ್ಕಳಿಗೂ ವಯಸ್ಕರಿಗೂ ಎರಡೂ ಕೈ ಬೇಕು. ಮೊಣಕೈ ಮಡಿಸದೆ, ಭುಜವನ್ನು ಕೈಯ ನೇರಕ್ಕೆ ತಂದು, ಸೊಂಟದಿಂದ ಭಾರ ಬಿಟ್ಟು ಒತ್ತಬೇಕು. ಮಗುವಿಗೆ ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು, ಅಂದರೆ ಸುಮಾರು 5 ಸೆಂಟಿಮೀಟರ್. ವಯಸ್ಕರಿಗೆ 5ರಿಂದ 6 ಸೆಂಟಿಮೀಟರ್. ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಏಕೆಂದರೆ ಹೃದಯಕ್ಕೆ ಮತ್ತೆ ರಕ್ತ ತುಂಬುವುದು ಆ ಬಿಡುವಿನಲ್ಲಿ.

ಎಣಿಕೆಯ ವಿಷಯದಲ್ಲಿ ತರಬೇತುದಾರರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮೂವತ್ತರವರೆಗೆ ಒಂದೇ ಸಮನೆ ಕನ್ನಡದಲ್ಲಿ ಎಣಿಸುವವರ ಕೈ ‘ಇಪ್ಪತ್ತೊಂದು, ಇಪ್ಪತ್ತೆರಡು’ ಬರುವ ಹೊತ್ತಿಗೆ ನಾಲಿಗೆಗಾಗಿ ಕಾದು ನಿಧಾನವಾಗುತ್ತದೆ. ಒಂದರಿಂದ ಹತ್ತರವರೆಗೆ ಮೂರು ಸಲ ಎಣಿಸಿ, ಪ್ರತಿ ಹತ್ತಕ್ಕೆ ಎದುರಿಗಿರುವವರು ಒಂದು ಬೆರಳು ಎತ್ತಿ ತೋರಿಸಿದರೆ ಲಯ ಕೆಡುವುದಿಲ್ಲ.

ಮೂವತ್ತು ಒತ್ತಿನ ನಂತರ ಎರಡು ಉಸಿರು. ಹಣೆಯ ಮೇಲೆ ಒಂದು ಕೈಯಿಟ್ಟು ತಲೆಯನ್ನು ಹಿಂದಕ್ಕೆ ಬಾಗಿಸಿ, ಗಲ್ಲವನ್ನು ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಹಚ್ಚಿ ಒಂದು ಸೆಕೆಂಡು ಊದಬೇಕು; ಎದೆ ಮೇಲೇಳುವುದು ಕಂಡರೆ ಅಷ್ಟೇ ಸಾಕು. ಹೆಚ್ಚು ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಉಸಿರು ಕೊಡುವಾಗ ಮಗುವಿನ ಮುಖದ ಮೇಲಿಡುವ ಒಂದು ರಕ್ಷಣಾ ಕವಚವನ್ನು (ಫೇಸ್ ಶೀಲ್ಡ್) ಪ್ರಥಮ ಚಿಕಿತ್ಸಾ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ಬಾಯಿ ಹಚ್ಚುವ ಅಳುಕು ಅರ್ಧ ಕಡಿಮೆಯಾಗುತ್ತದೆ. ಉಸಿರು ಕೊಡಲು ಯಾವುದೇ ಕಾರಣಕ್ಕೆ ಆಗದಿದ್ದರೆ ಎದೆ ಒತ್ತುವುದನ್ನಾದರೂ ನಿಲ್ಲಿಸದೆ ಮುಂದುವರಿಸಬೇಕು. ಏನೂ ಮಾಡದಿರುವುದಕ್ಕಿಂತ ಅದು ಎಷ್ಟೋ ಮೇಲು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು, ಏಕೆಂದರೆ ದಣಿದ ಕೈ ತನಗೆ ಅರಿವಿಲ್ಲದೆ ಮೇಲ್ಮೇಲೆ ಒತ್ತತೊಡಗುತ್ತದೆ.

ನೀರಿನಲ್ಲಿ ಮುಳುಗಿದ ಮಗುವಿಗೆ ಮೊದಲು ಉಸಿರು, ನಂತರ ಒತ್ತು. ಹೊಟ್ಟೆ ಒತ್ತಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುವುದು ನಮ್ಮ ಊರುಗಳಲ್ಲಿ ಇನ್ನೂ ಇದೆ. ಎರಡನ್ನೂ ಖಂಡಿತ ಮಾಡಬಾರದು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಮೃತಪಟ್ಟರು. ನೀರಿನ ಹತ್ತಿರ ಹೋಗುವ ಯಾವುದೇ ಪ್ರವಾಸಕ್ಕೆ ಸಿಪಿಆರ್ ಬಲ್ಲ ಶಿಕ್ಷಕರು ಜೊತೆಯಲ್ಲಿ ಇರಲೇಬೇಕು ಎಂಬ ನಿಯಮವನ್ನು ಶಾಲೆ ತಾನೇ ಮಾಡಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮಕ್ಕಳನ್ನು ನೀರಿಗಿಳಿಸದಿರುವುದು ಅದಕ್ಕಿಂತ ಮೊದಲಿನ ನಿಯಮ.

ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರ ಹೆಚ್ಚಿನ ಶಾಲೆಗಳಲ್ಲಿ ಇಲ್ಲ, ಆದರೂ ಅದರ ಬಳಕೆಯನ್ನು ಕಲಿಸಬೇಕು. ಕ್ರಿಕೆಟ್ ಚೆಂಡು ಎದೆಗೆ ಬಡಿದ ಕ್ಷಣದಲ್ಲೇ ಕುಸಿಯುವ ಆರೋಗ್ಯವಂತ ಹುಡುಗನ ಹೃದಯದ ಲಯವನ್ನು ಸರಿಪಡಿಸುವುದು ಆ ಯಂತ್ರವೇ. ಅದು ಏನು ಮಾಡಬೇಕೆಂದು ಹಂತಹಂತವಾಗಿ ಮಾತಿನಲ್ಲಿ ಹೇಳುತ್ತದೆ. ಒದ್ದೆಯಿದ್ದರೆ ಎದೆ ಒರೆಸಿ ಬರಿಮೈಗೆ ಪ್ಯಾಡ್ ಅಂಟಿಸಬೇಕು. ಎಂಟು ವರ್ಷದೊಳಗಿನವರಿಗೆ ಮಕ್ಕಳ ಪ್ಯಾಡ್ ಬೇಕು. ಅದಿಲ್ಲದಿದ್ದರೆ ದೊಡ್ಡವರ ಪ್ಯಾಡನ್ನೇ ಒಂದನ್ನು ಎದೆಗೆ, ಒಂದನ್ನು ಬೆನ್ನಿಗೆ ಹಾಕಬಹುದು. ಆಘಾತ ಕೊಡುವಾಗ ಯಾರೂ ಮಗುವನ್ನು ಮುಟ್ಟಿರಬಾರದು. ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡ ನಂತರ ಈ ಯಂತ್ರದ ಮಾತು ರಾಜ್ಯದಲ್ಲಿ ಹೆಚ್ಚು ಕೇಳಿಬಂತು, ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ಕೊಡುವ, ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯೂ ಬಂತು. ನಿಮ್ಮ ಶಾಲೆಗೆ ಅತಿ ಹತ್ತಿರದ ಎಇಡಿ ಎಲ್ಲಿದೆ ಎಂಬುದನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳಿಂದ ಕೇಳಿ ತಿಳಿದುಕೊಳ್ಳಿ.

ಅಭ್ಯಾಸದ ದಿನ ಶಿಕ್ಷಕಿಯರು ದಿನನಿತ್ಯ ಉಡುವ ಸೀರೆಯಲ್ಲೇ ಬರಲಿ. ಸೀರೆಯುಟ್ಟು ಮಂಡಿಯೂರುವುದು, ನೆರಿಗೆಯನ್ನು ಮಡಿಸಿ ಸಿಕ್ಕಿಸಿಕೊಳ್ಳುವುದು, ಸೆರಗನ್ನು ಹಿಂದಕ್ಕೆ ಕಟ್ಟುವುದು ಇವೆಲ್ಲ ಕೆಲವೇ ಸೆಕೆಂಡುಗಳ ಕೆಲಸ, ಆದರೆ ಒಮ್ಮೆಯೂ ಮಾಡಿ ನೋಡದವರಿಗೆ ಅಡ್ಡಿಯಾಗುತ್ತದೆ. ಹಾಗೆಯೇ ವಿದ್ಯಾರ್ಥಿನಿಯ ಎದೆ ಒತ್ತಲು ಶಿಕ್ಷಕರು ಹಿಂಜರಿಯುವ ವಿಷಯವನ್ನು ಮುಚ್ಚಿಡದೆ ಚರ್ಚಿಸಬೇಕು. ಶಿಕ್ಷಕಿ ಹತ್ತಿರವಿದ್ದರೆ ಅವರೇ ಮಾಡಲಿ. ಇಲ್ಲದಿದ್ದರೆ ಯಾರಿದ್ದರೋ ಅವರು ತಡಮಾಡದೆ ಮಾಡಬೇಕು, ಉಳಿದವರು ಸುತ್ತ ಬಟ್ಟೆ ಹಿಡಿದು ಮರೆ ಮಾಡಲಿ. ಈ ಮಾತನ್ನು ಪೋಷಕರ ಸಭೆಯಲ್ಲೂ ಹೇಳಿ ಒಪ್ಪಿಗೆ ಪಡೆದಿಡಬೇಕು.

ನಾಲ್ಕನೆಯ ಹಂತ: ಶಾಲೆಯಲ್ಲಿ ನಿಜವಾಗಿ ಎದುರಾಗುವ ತುರ್ತುಗಳು

ಗಂಟಲಲ್ಲಿ ಸಿಕ್ಕಿಕೊಂಡಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಸದ್ದೇ ಹೊರಡದಿದ್ದರೆ ಮುಂದಕ್ಕೆ ಬಾಗಿಸಿ, ಬೆನ್ನಿನಲ್ಲಿ ಎರಡು ಭುಜದ ಎಲುಬುಗಳ ನಡುವೆ ಅಂಗೈಯಿಂದ ಐದು ಬಲವಾದ ಏಟು, ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಒತ್ತು. ಹೀಗೆ ಒಂದಾದ ಮೇಲೊಂದು. ಪ್ರಜ್ಞೆ ತಪ್ಪಿದರೆ ಸಿಪಿಆರ್. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಹೊಟ್ಟೆಯ ಒತ್ತನ್ನು ಅಭ್ಯಾಸದ ವೇಳೆ ಒಬ್ಬರ ಮೇಲೊಬ್ಬರು ಬಲವಾಗಿ ಮಾಡಬಾರದು, ಕೈಯ ಜಾಗವನ್ನು ಮಾತ್ರ ತೋರಿಸಬೇಕು. ಶೇಂಗಾ, ಗೋಲಿ, ಪೆನ್ನಿನ ಮುಚ್ಚಳ, ಬಲೂನಿನ ತುಂಡು ನಿತ್ಯದ ಅಪಾಯಗಳು. ಜಂತುಹುಳು ನಿವಾರಣಾ ದಿನದ ಮಾತ್ರೆಯನ್ನೂ ಪುಟ್ಟ ಮಕ್ಕಳು ಜಗಿದೇ ನುಂಗುವಂತೆ ಎದುರು ನಿಂತು ನೋಡಿಕೊಳ್ಳಬೇಕು.

ಹಾವು ಕಡಿತಕ್ಕೆ ಹೆಚ್ಚು ಸಮಯ ಕೊಡಿ. 2019ರ ನವೆಂಬರ್‌ನಲ್ಲಿ ನಮ್ಮ ಗಡಿಗೆ ಹೊಂದಿಕೊಂಡಿರುವ ಕೇರಳದ ವಯನಾಡ್ ಜಿಲ್ಲೆಯ ಶಾಲೆಯೊಂದರಲ್ಲಿ ತರಗತಿಯ ನೆಲದ ಬಿಲದಲ್ಲಿದ್ದ ಹಾವು ಕಚ್ಚಿ ಬಾಲಕಿಯೊಬ್ಬಳು ಮೃತಪಟ್ಟಳು. ಆಸ್ಪತ್ರೆಗೆ ಒಯ್ಯಲು ತಡವಾಯಿತೆಂಬುದು ಇಡೀ ಕೇರಳವನ್ನು ಕಲಕಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದೆ, ಹಾಗಾಗಿ ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ನಾಗರಹಾವು, ಕೊಳಕುಮಂಡಲ, ಗರಗಸಮಂಡಲ ಕಚ್ಚಿದರೆ ಸಾಮಾನ್ಯವಾಗಿ ಊತವೋ ನೋವೋ ಕಾಣುತ್ತದೆ. ಕಡಂಬಳ (ಕಟ್ಟುಹಾವು) ಕಚ್ಚಿದ ಜಾಗದಲ್ಲಿ ಹೆಚ್ಚು ಕಡಿಮೆ ಏನೂ ಕಾಣದೆ, ತಡವಾಗಿ ರೆಪ್ಪೆ ಜೋತು ಬಿದ್ದು ಉಸಿರು ಸೋಲುತ್ತದೆ. ಆದ್ದರಿಂದ ‘ಏನೋ ಕಚ್ಚಿತು’ ಎಂದು ಮಗು ಹೇಳಿದರೆ ಗುರುತು ಹುಡುಕುತ್ತ ಕೂರದೆ ಹಾವೇ ಕಚ್ಚಿದೆ ಎಂದುಕೊಂಡು ಹೊರಡಬೇಕು. ಬಳೆ, ಉಂಗುರ, ಕಾಲ್ಗೆಜ್ಜೆ, ಬೂಟು ತೆಗೆಯಿರಿ. ಕಚ್ಚಿದ ಕೈಕಾಲಿಗೆ ಕೋಲು ಅಥವಾ ಹಲಗೆಯ ಆಧಾರ ಕೊಟ್ಟು ಸಡಿಲವಾಗಿ ಕಟ್ಟಿ ಅಲುಗದಂತೆ ಮಾಡಿ, ಮಗುವನ್ನು ನಡೆಸದೆ ಎತ್ತಿಕೊಂಡು ಹೋಗಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಮದ್ದಿಗೆ ಅಲೆಯುವುದು ಬೇಡ. ಹಾವನ್ನು ಹಿಡಿಯಲು ಅಥವಾ ಕೊಲ್ಲಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದೂ ಬೇಡ.

ಫಿಟ್ಸ್ ಬಂದ ಮಗುವಿನ ಕೈಗೆ ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಇವುಗಳಿಂದ ಏನೂ ಪ್ರಯೋಜನವಿಲ್ಲ, ಚಮಚದಿಂದ ಹಲ್ಲು ಮುರಿಯುತ್ತದೆ. ಸುತ್ತಲಿನ ಬೆಂಚುಗಳನ್ನು ಸರಿಸಿ, ತಲೆಯ ಕೆಳಗೆ ಮೃದುವಾದದ್ದೇನಾದರೂ ಇಟ್ಟು, ಗಡಿಯಾರ ನೋಡಿ. ಅದುರುವಿಕೆ ನಿಂತ ಮೇಲೆ ಪಕ್ಕಕ್ಕೆ ಮಲಗಿಸಿ, ಉಸಿರಾಟ ಸಹಜವಾಗಿದೆಯೇ ಎಂದು ನೋಡಿ. ಐದು ನಿಮಿಷ ಮೀರಿದರೆ, ಒಂದರ ಹಿಂದೆ ಇನ್ನೊಂದು ಬಂದರೆ ಅಥವಾ ಮೊದಲ ಬಾರಿಗೆ ಬಂದಿದ್ದರೆ ಆಂಬುಲೆನ್ಸ್ ಬೇಕು. ಆ ಮಗು ಕಣ್ಣು ಬಿಡುವಾಗ ಸುತ್ತ ಇಡೀ ತರಗತಿ ನಿಂತು ನೋಡುತ್ತಿರಬಾರದು. ಇದನ್ನು ನಾನು ಚಿಕಿತ್ಸೆಯ ಭಾಗವೆಂದೇ ತಿಳಿಯುತ್ತೇನೆ.

ಸುಟ್ಟ ಗಾಯದ ಮೇಲೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ಅರಿಶಿನ ಯಾವುದೂ ಬೇಡ. ಅಂಟಿಕೊಂಡ ಬಟ್ಟೆಯನ್ನು ಕೀಳಬಾರದು. ರಕ್ತ ಸುರಿಯುವ ಗಾಯವನ್ನು ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಬೇಕು, ಪದೇಪದೇ ತೆಗೆದು ನೋಡಬಾರದು. ಮೂಗಿನಿಂದ ರಕ್ತ ಬಂದರೆ ತಲೆಯನ್ನು ಹಿಂದಕ್ಕಲ್ಲ, ಮುಂದಕ್ಕೆ ಬಾಗಿಸಿ ಮೂಗಿನ ಮೃದು ಭಾಗವನ್ನು ಹತ್ತು ನಿಮಿಷ ಹಿಡಿಯಬೇಕು. ಇನ್ಸುಲಿನ್ ತೆಗೆದುಕೊಳ್ಳುವ ಮಗು ಬೆವರಿ, ನಡುಗಿ, ಮಂಕಾದರೆ ಪ್ರಜ್ಞೆಯಿರುವಾಗಲೇ ಮೂರು ನಾಲ್ಕು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಆಸ್ತಮಾ ಇರುವ ಮಗುವನ್ನು ನೆಟ್ಟಗೆ ಕೂರಿಸಿ ಅದರದೇ ಇನ್‌ಹೇಲರ್ ಅನ್ನು ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಮೂಲಕ ಕೊಡಬೇಕು. ಇನ್‌ಹೇಲರ್ ಮನೆಯಲ್ಲಲ್ಲ, ಮಗುವಿನ ಚೀಲದಲ್ಲಿರಬೇಕು. ಹೆಜ್ಜೇನು ಕಚ್ಚಿದ ಮೇಲೆ ಮುಖ, ನಾಲಿಗೆ ಊದಿಕೊಂಡು ಉಸಿರು ಕಟ್ಟಿದರೆ ಅದು ಅಲರ್ಜಿಯ ಆಘಾತ. ತಕ್ಷಣ ಅಡ್ರಿನಾಲಿನ್ ಚುಚ್ಚುಮದ್ದು ಬೇಕು, ಅಂದರೆ ಆಸ್ಪತ್ರೆಯೇ ಬೇಕು.

ಐದನೆಯ ಹಂತ: ಯಾರು ಏನು ಮಾಡಬೇಕು

ಎಲ್ಲರೂ ಎಲ್ಲವನ್ನೂ ಮಾಡಲು ಹೋದರೆ ಯಾವುದೂ ಆಗುವುದಿಲ್ಲ. ಸಿಪಿಆರ್ ಮಾಡುವ ಇಬ್ಬರು, ಕರೆ ಮಾಡುವ ಒಬ್ಬರು, ಪೆಟ್ಟಿಗೆ ತರುವ ಒಬ್ಬರು, ಗೇಟು ತೆರೆದು ಆಂಬುಲೆನ್ಸಿಗೆ ದಾರಿ ತೋರಿಸುವ ಒಬ್ಬರು, ಉಳಿದ ಮಕ್ಕಳನ್ನು ಬೇರೆಡೆ ಕರೆದೊಯ್ಯುವ ಒಬ್ಬರು, ಪೋಷಕರಿಗೆ ತಿಳಿಸುವ ಒಬ್ಬರು ಇರಬೇಕು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಕರೆ ಮಾಡುವ ಮತ್ತು ಗೇಟಿನ ಕೆಲಸವನ್ನು ಹಿರಿಯ ವಿದ್ಯಾರ್ಥಿಗಳಿಗೆ ಕಲಿಸಿ. ಹನ್ನೆರಡು ವರ್ಷದಿಂದ ಮೇಲಿನ ಮಕ್ಕಳಿಗೆ ವರ್ಷಕ್ಕೆ ಎರಡು ಗಂಟೆ ಸಿಪಿಆರ್ ಕಲಿಸುವ ಯೋಜನೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಮ್ಮತಿ ನೀಡಿದೆ.

‘ಹೆಚ್ಚುಕಡಿಮೆಯಾದರೆ ನಮ್ಮ ತಲೆಗೆ ಬರುತ್ತದೆ’ ಎಂಬ ಭಯ ಶಿಕ್ಷಕರಲ್ಲಿ ಇರುವುದು ಸಹಜ. ಅನುಮತಿ ಪಡೆಯಲು ಸಮಯವಿಲ್ಲದ ಸನ್ನಿವೇಶದಲ್ಲಿ ಒಬ್ಬರ ಒಳಿತಿಗಾಗಿ ಸದ್ಭಾವದಿಂದ ಮಾಡಿದ ಕೆಲಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಂ ರಕ್ಷಣೆ ಕೊಡುತ್ತದೆ. ಅಪಘಾತದಲ್ಲಿ ನೆರವಾಗುವವರ ರಕ್ಷಣೆಗೆ ಕರ್ನಾಟಕದ್ದೇ ಪ್ರತ್ಯೇಕ ಕಾಯ್ದೆಯೂ ಇದೆ. ಇದರ ಜೊತೆಗೆ ತುರ್ತು ಚಿಕಿತ್ಸೆಗೆ ಪೋಷಕರ ಲಿಖಿತ ಒಪ್ಪಿಗೆಯನ್ನು ಪ್ರವೇಶದ ಸಮಯದಲ್ಲೇ ಪಡೆದು, ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ದಾಖಲಿಸಿದರೆ ಶಿಕ್ಷಕರಿಗೆ ಧೈರ್ಯ ಬರುತ್ತದೆ.

ಆರನೆಯ ಹಂತ: ಮರೆಯುವ ಮೊದಲು ಮತ್ತೆ

ಸಿಪಿಆರ್ ಕೌಶಲ ಮೂರರಿಂದ ಆರು ತಿಂಗಳಲ್ಲಿ ಮಸುಕಾಗುತ್ತದೆ. ವರ್ಷಕ್ಕೊಮ್ಮೆ ದೊಡ್ಡ ಶಿಬಿರ ಮಾಡುವುದಕ್ಕಿಂತ ಮೂರು ತಿಂಗಳಿಗೊಮ್ಮೆ ಹದಿನೈದು ನಿಮಿಷ ಬೊಂಬೆಯ ಮುಂದೆ ಕೂರುವುದು ಉತ್ತಮ. ಒಂದು ಬೊಂಬೆಯನ್ನು ಇಡೀ ಕ್ಲಸ್ಟರ್ ಸೇರಿ ಕೊಂಡು, ಮಾಸಿಕ ಸಮಾಲೋಚನಾ ಸಭೆಯಲ್ಲಿ ಬಳಸಿ, ಸರದಿಯಂತೆ ಶಾಲೆಗಳಿಗೆ ಕಳುಹಿಸಬಹುದು. ಅವಧಿಗೊಮ್ಮೆ ಅಣಕು ಅಭ್ಯಾಸವನ್ನೂ ನಡೆಸಿ: ಬೊಂಬೆಯನ್ನು ಆಟದ ಮೈದಾನದ ತುದಿಯಲ್ಲಿ ಇಟ್ಟು, ಒಬ್ಬ ವಿದ್ಯಾರ್ಥಿಯನ್ನು ಸುದ್ದಿ ಹೇಳಲು ಕಳುಹಿಸಿ, ಮೊದಲ ಒತ್ತು ಬೀಳಲು ಎಷ್ಟು ಸಮಯ ಹಿಡಿಯಿತು, ಪೆಟ್ಟಿಗೆ ಬರಲು ಎಷ್ಟಾಯಿತು, ಕರೆ ಮಾಡಿದವರು ವಿಳಾಸ ಸರಿಯಾಗಿ ಹೇಳಿದರೇ ಎಂಬುದನ್ನು ಬರೆದುಕೊಳ್ಳಿ. ಅಭ್ಯಾಸವೆಂದು ಮಕ್ಕಳಿಗೆ ಮೊದಲೇ ತಿಳಿಸಿರಬೇಕು, ಹೆದರಿಸಬಾರದು. ಪೆಟ್ಟಿಗೆಯ ವಸ್ತುಗಳ ಅವಧಿಯನ್ನು ಪ್ರತಿ ತಿಂಗಳು ಒಬ್ಬರೇ ಹೊಣೆ ಹೊತ್ತು ನೋಡಲಿ.

ನಿಜವಾದ ಘಟನೆ ನಡೆದ ದಿನ ಸಂಜೆಯೇ ಏನಾಯಿತು, ಯಾವ ಹೊತ್ತಿಗೆ ಏನು ಮಾಡಲಾಯಿತು ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವು ಮಕ್ಕಳು ಉಳಿಯುವುದಿಲ್ಲ. ಎದೆ ಒತ್ತಿದ ಶಿಕ್ಷಕರು ಆ ಭಾರವನ್ನು ಒಬ್ಬರೇ ಹೊತ್ತು ತಿರುಗದಂತೆ ಮುಖ್ಯ ಶಿಕ್ಷಕರು ಅವರೊಂದಿಗೆ ಕೂತು ಮಾತನಾಡಬೇಕು, ಕೆಲವು ದಿನ ಅವರ ತರಗತಿಗಳನ್ನು ಉಳಿದವರು ಹಂಚಿಕೊಳ್ಳಬೇಕು. ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು 108ರ ಪಕ್ಕದಲ್ಲೇ ಗೋಡೆಯ ಮೇಲೆ ಬರೆಸಿಡಿ, ಘಟನೆಯನ್ನು ಕಣ್ಣಾರೆ ಕಂಡ ಮಕ್ಕಳ ಪೋಷಕರಿಗೂ ಅದನ್ನು ತಿಳಿಸಿ.